ದತ್ತು ಹೋದ ಊರು ಅವಳಿಯಾದ ಬಗೆ: ಕೀತ್ಲಿ ಮತ್ತು ಪ್ವಾ-ದ್ಯು-ನೋರ್ ಪ್ರಕರಣ

ಕೀತ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಪಶ್ಚಿಮದಲ್ಲಿರುವ ಉಣ್ಣೆ ಗಿರಣಿಗಳ ಊರು. ಕಾಗುಣಿತ ನೋಡಿ ಓದಹೊರಟರೆ ‘ಕೀಘ್ಲಿ’ ಎಂದು ಬಾಯಿಗೆ ಬರುತ್ತದೆ, ಊರಿನವರ ಬಾಯಲ್ಲಿ ಅದು ಕೀತ್ಲಿ. ಪ್ವಾ-ದ್ಯು-ನೋರ್ ಫ್ರಾನ್ಸಿನ ಬಡಗಣ ಅಂಚಿನಲ್ಲಿ, ಬೆಲ್ಜಿಯಂ ಗಡಿಗೆ ಹತ್ತಿರ, ಮೊರ್ಮಾಲ್ ಕಾಡಿನ ಮಗ್ಗುಲಲ್ಲಿದೆ. ಅಲ್ಲಿನ ಜನ ಎರಡು ಸಾವಿರದ ಆಸುಪಾಸು. ಮೊದಲ ಮಹಾಯುದ್ಧದ ಪೆಟ್ಟು ತಿಂದಿದ್ದ ಈ ಊರನ್ನು 1920ರಲ್ಲಿ ಕೀತ್ಲಿ ದತ್ತು ತೆಗೆದುಕೊಂಡಿತು, ಅಂದರೆ ಅದು ಚೇತರಿಸಿಕೊಳ್ಳಲು ನೆರವಾಗುವ ಹೊಣೆ ಹೊತ್ತಿತು. ಬೇರೆ ಬೇರೆ ದೇಶದ ಎರಡು ಊರುಗಳ ನಡುವೆ ಯುರೋಪಿನಲ್ಲಿ ದಾಖಲಾದ ಮೊದಲ ಅವಳಿ ನಂಟು ಇದೇ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಆದರೆ ಎರಡೂ ಊರುಗಳು ಅವಳಿ ಒಪ್ಪಂದದ ಸನ್ನದು ವಿನಿಮಯ ಮಾಡಿಕೊಂಡದ್ದು 1986ರಲ್ಲಿ. ನಡುವೆ 66 ವರ್ಷ ಕಳೆದಿತ್ತು. ಈ ಪ್ರಕರಣದಲ್ಲಿ ಕೆದಕಿ ನೋಡಬೇಕಾದದ್ದು ಆ 66 ವರ್ಷವನ್ನೇ.

ಮೊದಲು ಮಾತಿನ ಗೊಂದಲ ಬಿಡಿಸಿಕೊಳ್ಳೋಣ. ನಮಗೆ ‘ಅವಳಿ ನಗರ’ ಎಂದರೆ ಹುಬ್ಬಳ್ಳಿ–ಧಾರವಾಡ: ಪಕ್ಕಪಕ್ಕದಲ್ಲೇ ಬೆಳೆದ ಊರುಗಳು. ಇಲ್ಲಿನ ಅವಳಿ ಅದಲ್ಲ. ದೂರದ ಎರಡು ಊರುಗಳು ತಮ್ಮ ತಮ್ಮ ಪುರಸಭೆಯಲ್ಲಿ ಠರಾವು ಮಾಡಿ ಬೆಳೆಸಿಕೊಳ್ಳುವ ನೆಂಟಸ್ತನ ಇದು. ಇಂಗ್ಲಿಷರು ಇದನ್ನು ಟ್ವಿನಿಂಗ್ ಅನ್ನುತ್ತಾರೆ, ಫ್ರೆಂಚರು ಝ್ಯುಮ್ಲಾಝ್, ಅಮೆರಿಕದವರು ಸಿಸ್ಟರ್ ಸಿಟಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಂಟು ಈ ಜಾತಿಯದು. 1920ರಲ್ಲಿ ಕೀತ್ಲಿಯವರ ಬಾಯಲ್ಲಿದ್ದ ಪದ ಮಾತ್ರ ಇದಾವುದೂ ಅಲ್ಲ, ‘ದತ್ತು’. ಫ್ರೆಂಚರು ಅದನ್ನೇ ತಮ್ಮ ರೂಢಿಗೆ ಒಗ್ಗಿಸಿ, ಕೊಡುವ ಊರಿಗೆ ‘ಮರೆನ್’ ಅಂದರು, ಪಡೆಯುವ ಊರಿಗೆ ‘ಫಿಯೂಲ್’. ಕ್ರೈಸ್ತರ ನಾಮಕರಣದಲ್ಲಿ ಮಗುವಿನ ಹೊಣೆ ಹೊರುವ ಧರ್ಮತಾಯಿ ಮತ್ತು ಆ ಮಗಳು ಎಂದು ಅರ್ಥ. ಅವಳಿಗಳು ಒಂದೇ ವಯಸ್ಸಿನವರು, ಸಮಾನರು. ತಾಯಿ–ಮಗಳು ಹಾಗಲ್ಲ. ಮುಂದಿನ ಕಥೆಯ ತೊಡಕೆಲ್ಲ ಹುಟ್ಟುವುದು ಈ ಅಂತರದಲ್ಲಿ.

1905ರ ಒಂದು ಮುನ್ನುಡಿ

ಕೀತ್ಲಿಗೆ ಫ್ರಾನ್ಸ್ 1920ರಲ್ಲಿ ಹೊಸದಾಗಿರಲಿಲ್ಲ. 1905ರಲ್ಲೇ ಅದು ಪ್ಯಾರಿಸ್‌ನ ಪಶ್ಚಿಮ ಅಂಚಿನ, ಸೇನ್ ನದಿ ದಂಡೆಯ ಸುರೇನ್ ಮತ್ತು ಪ್ಯುತೋ ಎಂಬ ಎರಡು ಊರುಗಳ ಜೊತೆ ನಂಟು ಬೆಳೆಸಿತ್ತು. ಕಾಲದ ಹವಾ ಅದಕ್ಕೆ ಅನುಕೂಲವಾಗಿತ್ತು. 1903ರ ಮೇ ತಿಂಗಳಲ್ಲಿ ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್ ಪ್ಯಾರಿಸ್‌ಗೆ ಹೋಗಿಬಂದ, 1904ರ ಏಪ್ರಿಲ್ 8ರಂದು ಎರಡೂ ಸರ್ಕಾರಗಳು ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದವು. ಪ್ಯುತೋ ಆಗ ದ ದಿಯೋಂ-ಬೂತೋಂ ಮೋಟಾರು ಕಾರಖಾನೆಯ ಊರು, ಕೀತ್ಲಿ ಉಣ್ಣೆಯ ಜೊತೆಗೆ ನೂಲುವ ಯಂತ್ರಗಳನ್ನೂ ಕಟ್ಟುತ್ತಿದ್ದ ಊರು. ದುಡಿಯುವ ಊರಿಗೆ ದುಡಿಯುವ ಊರೇ ಜೋಡಿ.

ಹಾಗಿದ್ದರೆ ‘ಮೊದಲ ಅವಳಿ’ ಎಂಬ ಪಟ್ಟ 1905ಕ್ಕೆ ಯಾಕೆ ಸಲ್ಲಲಿಲ್ಲ? ಆ ಎಳೆ ಮುಂದೆ ಹರಿಯಲಿಲ್ಲ, ಅಷ್ಟೇ. ಇವತ್ತು ಸುರೇನ್‌ನ ಇಂಗ್ಲಿಷ್ ಜೊತೆಗಾರ ಲಂಡನ್ನಿನ ಹ್ಯಾಕ್ನಿ, ಕೀತ್ಲಿಯ ಫ್ರೆಂಚ್ ಜೊತೆಗಾರ ಪ್ವಾ. ಇನ್ನೂ ಹಿಂದಕ್ಕೆ ಹೋದರೆ, ಫ್ರಾನ್ಸಿನ ಲೆ ಮಾಂ ಮತ್ತು ಜರ್ಮನಿಯ ಪಾಡರ್‌ಬಾರ್ನ್ ತಮ್ಮ ನಂಟು 836ನೇ ಇಸವಿಯದು ಅನ್ನುತ್ತವೆ. ಆದರೆ ಅದು ಒಬ್ಬ ಸಂತನ ಅಸ್ಥಿ ಸಾಗಿಸಿದ ಸಂದರ್ಭದಲ್ಲಿ ಎರಡು ಇಗರ್ಜಿಗಳ ನಡುವೆ ಹುಟ್ಟಿದ ಸೋದರತ್ವ. ಯಾರು ಮೊದಲು ಎನ್ನುವುದು ಎಲ್ಲಿಂದ ಎಣಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಪ್ವಾಕ್ಕೆ ಆದದ್ದೇನು

ಸೊಮ್ ನದಿ ಸೀಮೆಯ ಹಳ್ಳಿಗಳಿಗೂ ಪ್ವಾಕ್ಕೂ ಒಂದು ವ್ಯತ್ಯಾಸವಿದೆ. ಸೊಮ್‌ನಲ್ಲಿ ಯುದ್ಧದ ಗೆರೆ ಊರುಗಳ ಮೇಲೇ ವರ್ಷಗಟ್ಟಲೆ ನಿಂತು ಗೋಡೆ, ಮರ, ಮಣ್ಣು ಒಂದನ್ನೂ ಉಳಿಸಲಿಲ್ಲ. ಪ್ವಾ ಆ ಗೆರೆಯ ಹಿಂದೆ, ಜರ್ಮನರ ಕೈಯಲ್ಲಿತ್ತು. 1914ರ ಆಗಸ್ಟ್ 26ರಂದು ಹತ್ತು-ಹನ್ನೆರಡು ಕಿ.ಮೀ. ದೂರದ ಲೆ ಕಾತೋದಲ್ಲಿ ಬ್ರಿಟಿಷ್ ಸೇನೆ ಹೋರಾಡಿ ಹಿಂದೆ ಸರಿದ ಮೇಲೆ ಈ ಸೀಮೆಗೆ ನಾಲ್ಕು ವರ್ಷದ ಆಕ್ರಮಣ ಬಿತ್ತು. ಗಡಿಯಾರ ಜರ್ಮನ್ ಹೊತ್ತಿಗೆ ಹೊಂದಿಸಬೇಕು, ಪಕ್ಕದ ಊರಿಗೆ ಹೋಗಲೂ ಪರವಾನಗಿ ಚೀಟಿ ಬೇಕು. ತಾಮ್ರದ ಪಾತ್ರೆ, ದನ, ಧಾನ್ಯ, ಕಡೆಗೆ ಹಾಸಿಗೆಯೊಳಗಿನ ಉಣ್ಣೆಯನ್ನೂ ಜಪ್ತಿ ಮಾಡಿದರು. ಬಡಗಣ ಫ್ರಾನ್ಸಿನ ಗಿರಣಿಗಳ ಯಂತ್ರಗಳನ್ನು ಕಳಚಿ ಸಾಗಿಸಿದರು, ಸಾಗಿಸಲಾಗದ್ದನ್ನು ಒಡೆದರು. ಮೊರ್ಮಾಲ್ ಕಾಡನ್ನು ಕಂದಕಗಳ ಮರಮುಟ್ಟಿಗಾಗಿ ಕಡಿದರು. 1915ರಿಂದ ಜನರ ಹೊಟ್ಟೆ ಹೊರೆದದ್ದು ಅಮೆರಿಕದ ಹರ್ಬರ್ಟ್ ಹೂವರ್ ನಡೆಸುತ್ತಿದ್ದ ಪರಿಹಾರ ಸಮಿತಿಯ ಹಿಟ್ಟು.

1918ರ ಅಕ್ಟೋಬರ್ 17ಕ್ಕೆ ಸೆಲ್ ನದಿಯ ಕಾಳಗ ಶುರುವಾಯಿತು, ತಿಂಗಳ ಕೊನೆಯ ಹೊತ್ತಿಗೆ ಪ್ವಾ ಬ್ರಿಟಿಷರ ಕೈಗೆ ಬಂತು. ಊರ ಸ್ಮಶಾನದ ಪಕ್ಕ ವಿಸ್ತರಿಸಿದ ಜಾಗದಲ್ಲಿ ಬ್ರಿಟಿಷ್ ಸೈನಿಕರ ಸಮಾಧಿಗಳಿವೆ. ಏಳೆಂಟು ಕಿ.ಮೀ. ದೂರದ ಲೆ ಕೆನ್ವಾ ಕೋಟೆಯನ್ನು ನವೆಂಬರ್ 4ರಂದು ನ್ಯೂಜಿಲೆಂಡಿನವರು ಏಣಿ ಹಾಕಿ ಹತ್ತಿ ಬಿಡಿಸಿದರು. ಆ ಊರಿನ ಅವಳಿ ಇವತ್ತು ನ್ಯೂಜಿಲೆಂಡಿನ ಕೇಂಬ್ರಿಜ್. ಯಾರು ಬಿಡಿಸಿದರೋ ಅವರ ಜೊತೆ ನೆಂಟಸ್ತನ ಎನ್ನುವುದು ಈ ಸೀಮೆಯಲ್ಲಿ ಸಹಜವಾಗಿ ಹುಟ್ಟಿದ ಲೆಕ್ಕ.

ಲಂಡನ್ನಿನ ಸಂಘ, ಊರೂರಿನ ಚಂದಾ

ಕೀತ್ಲಿ ಒಂಟಿಯಾಗಿ ಹೊರಡಲಿಲ್ಲ. 1920ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ‘ಬ್ರಿಟಿಷ್ ಲೀಗ್ ಆಫ್ ಹೆಲ್ಪ್’ ಎಂಬ ಸಂಘ ಶುರುವಾಯಿತು. ಕಲ್ಪನೆ ಪತ್ರಿಕಾ ಒಡತಿ ಲೇಡಿ ಬಾಥರ್ಸ್ಟ್ ಅವರದು, ಅಧ್ಯಕ್ಷಗಿರಿ ಲಾರ್ಡ್ ಡರ್ಬಿಯವರದು. ಡರ್ಬಿ 1918ರಿಂದ 1920ರವರೆಗೆ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದವರು. ಅದಕ್ಕಿಂತ ಮುಖ್ಯವಾದದ್ದು, 1914ರ ಆಗಸ್ಟ್‌ನಲ್ಲಿ ಲಿವರ್‌ಪೂಲಿನಲ್ಲಿ ‘ಪ್ಯಾಲ್ಸ್’ ದಂಡುಗಳನ್ನು ಕಟ್ಟಿದವರೂ ಅವರೇ. ಒಂದೇ ಊರಿನ, ಒಂದೇ ಕಚೇರಿಯ ಗೆಳೆಯರು ಒಟ್ಟಿಗೆ ಸೇರಿ ಒಟ್ಟಿಗೆ ಹೋರಾಡಬಹುದು ಎಂಬ ಮಾತು ಕೊಟ್ಟು ಜನ ಸೇರಿಸಿದ ದಂಡುಗಳವು. ಒಟ್ಟಿಗೆ ಹೋದವರು ಒಟ್ಟಿಗೇ ಸತ್ತರು. ಹಾಗಾಗಿ ಫ್ರಾನ್ಸಿನ ಒಂದೊಂದು ಹೊಲದ ಹೆಸರು ಇಂಗ್ಲೆಂಡಿನ ಒಂದೊಂದು ಊರಿನ ಎದೆಯಲ್ಲಿ ಕೂತುಬಿಟ್ಟಿತ್ತು. ಲೀಗ್‌ನ ಜೋಡಣೆ ಬಹುಮಟ್ಟಿಗೆ ಆ ಹೆಸರುಗಳನ್ನೇ ಹಿಡಿದು ನಡೆಯಿತು. 1916ರ ಜುಲೈ 1ರಂದು ಶೆಫೀಲ್ಡ್‌ನ ದಂಡು ಸೇರ್ ಎಂಬ ಪುಟ್ಟ ಹಳ್ಳಿಯೆದುರು ನಾಶವಾಗಿತ್ತು. ಶೆಫೀಲ್ಡ್ ಸೇರ್ ಅನ್ನೂ ಬಪೋಮ್ ಅನ್ನೂ ದತ್ತು ಪಡೆಯಿತು. ಬರ್ಮಿಂಗ್‌ಹ್ಯಾಮ್ ಆಲ್ಬೇರ್ ಊರನ್ನು, ಮ್ಯಾಂಚೆಸ್ಟರ್ ಮೆಝಿಯೇರ್ ಅನ್ನು, ನ್ಯೂಕ್ಯಾಸಲ್ ಅರಾಸ್ ಅನ್ನು, ಬ್ಲ್ಯಾಕ್‌ಬರ್ನ್ ಪೆರೋನ್ ಅನ್ನು, ಲಂಡನ್ ವೆರ್ಡನ್ ಅನ್ನು ತೆಗೆದುಕೊಂಡವು. ವೆರ್ಡನ್ ಮಾತ್ರ ಈ ಲೆಕ್ಕಕ್ಕೆ ಹೊರತು: ಅಲ್ಲಿ ಹೋರಾಡಿದ್ದು ಫ್ರೆಂಚರೇ. ರಾಜಧಾನಿಗೆ ದೊಡ್ಡ ಹೆಸರೇ ಬೇಕಾಯಿತು.

ಕೆಲಸ ನಡೆಯುತ್ತಿದ್ದ ಬಗೆ ಸರಳ. ಮೇಯರ್ ಸಾರ್ವಜನಿಕ ಸಭೆ ಕರೆಯುವುದು, ಸಮಿತಿ ನೇಮಿಸುವುದು, ಚಂದಾ ಪಟ್ಟಿ ತೆರೆಯುವುದು, ಇಬ್ಬರು ಮೂವರು ಫ್ರಾನ್ಸಿಗೆ ಹೋಗಿ ಊರು ನೋಡಿ ಏನು ಬೇಕು ಎಂದು ಕೇಳಿಕೊಂಡು ಬರುವುದು. ಪುರಸಭೆಯ ತೆರಿಗೆ ಹಣ ಮುಟ್ಟುವಂತಿರಲಿಲ್ಲ, ಎಲ್ಲವೂ ಜನರ ಕಾಣಿಕೆ. ಕೆಲವೆಡೆ ನಗದಿನ ಬದಲು ಬಿತ್ತನೆ ಬೀಜ, ಹಣ್ಣಿನ ಸಸಿ, ಉಳುವ ಸಲಕರಣೆ ಹೋದವು. ಬೇಸಾಯದ ಊರಿಗೆ ಅದೇ ಬೇಗ ಕೈಗೆ ಸಿಗುವ ನೆರವು.

ನಗದಿನ ಲೆಕ್ಕ ಮಾತ್ರ ಮೋಸದ್ದು. ಯುದ್ಧಕ್ಕೆ ಮೊದಲು ಒಂದು ಪೌಂಡಿಗೆ 25.22 ಫ್ರಾಂಕ್ ಸಿಗುತ್ತಿತ್ತು, 1920ರಲ್ಲಿ 50ರ ಸುತ್ತಮುತ್ತ. ಸಾವಿರ ಪೌಂಡ್ ಕಳಿಸಿದವರಿಗೆ ಎರಡು ಪಟ್ಟು ಕೊಟ್ಟ ತೃಪ್ತಿ. ಆದರೆ ಫ್ರಾನ್ಸಿನ ಸಗಟು ಬೆಲೆ ಅದೇ ವರ್ಷ 1913ಕ್ಕಿಂತ ಸುಮಾರು ಐದು ಪಟ್ಟು ಏರಿತ್ತು. ಹಾಗಾಗಿ ಇಟ್ಟಿಗೆ, ತೊಲೆಗಳ ಲೆಕ್ಕದಲ್ಲಿ ಅದೇ ಸಾವಿರ ಪೌಂಡ್ ಹಳೆಯ ನಾನೂರಕ್ಕೆ ಇಳಿದಿತ್ತು. ಹಣ ಸೇರಿಸಿದವರು ಒಂದು ಲೆಕ್ಕ ಹಾಕಿ, ಕಟ್ಟಿಸಿಕೊಂಡವರು ಇನ್ನೊಂದು ಲೆಕ್ಕ ಹೇಳುವ ಪರಿಸ್ಥಿತಿ. ದತ್ತು ಸಮಿತಿಗಳಲ್ಲಿ ಬೇಸರಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಇನ್ನೊಂದು ತೊಡಕು ಕಾನೂನಿನದು. 1919ರ ಏಪ್ರಿಲ್ 17ರ ಕಾಯ್ದೆಯಂತೆ ಯುದ್ಧದಲ್ಲಿ ಕಳೆದದ್ದನ್ನು ತುಂಬಿಕೊಡುವ ಹೊಣೆ ಫ್ರೆಂಚ್ ಸರ್ಕಾರದ್ದೇ. ಮನೆಗೆ ಮನೆ, ಪುರಭವನಕ್ಕೆ ಪುರಭವನ. ‘ಹಾಗಿದ್ದ ಮೇಲೆ ನಮ್ಮ ಹಣ ಯಾಕೆ?’ ಎಂದು ಇಂಗ್ಲೆಂಡಿನಲ್ಲಿ ಕೇಳಿದವರದು ತಪ್ಪು ಪ್ರಶ್ನೆಯಲ್ಲ. ಉತ್ತರ ಎರಡು. ಒಂದು, ಜರ್ಮನಿಯಿಂದ ಬರಬೇಕಾದ ಪರಿಹಾರ ಬಾರದೆ ಸರ್ಕಾರದ ಹಣ ತಡವಾಗುತ್ತಿತ್ತು. ಎರಡು, ಕಾಯ್ದೆ ಕೊಡುತ್ತಿದ್ದದ್ದು ಮೊದಲು ಇದ್ದದ್ದಕ್ಕೆ ಮಾತ್ರ. 1914ರಲ್ಲಿ ಊರಿನಲ್ಲಿ ಇಲ್ಲದಿದ್ದ ಕೊಳಾಯಿ ನೀರು, ಆಸ್ಪತ್ರೆಯ ಹೊಸ ಭಾಗ, ಜನ ಸೇರುವ ಸಭಾಂಗಣ ಇವಕ್ಕೆ ಪರಿಹಾರದ ಖಾತೆಯಲ್ಲಿ ಜಾಗವಿಲ್ಲ. ದತ್ತು ಹಣ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಮೆಝಿಯೇರ್ ಈಗಿರುವ ಶಾರ್ಲ್‌ವಿಲ್-ಮೆಝಿಯೇರ್ ನಗರದ ಆಸ್ಪತ್ರೆಗೆ ಇಂದಿಗೂ ಮ್ಯಾಂಚೆಸ್ಟರ್ ಎಂದೇ ಹೆಸರು. ಆಲ್ಬೇರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಬೀದಿಯಿದೆ.

ಬಹುಪಾಲು ದತ್ತು ಯಾಕೆ ಬತ್ತಿಹೋಯಿತು

ಲೀಗ್‌ನ ಹುಟ್ಟಿನ ಗಳಿಗೆಯೇ ಸರಿಯಿರಲಿಲ್ಲ. 1920ರ ವಸಂತದಲ್ಲಿ ಉತ್ತುಂಗದಲ್ಲಿದ್ದ ಉಣ್ಣೆ ಬೆಲೆ ಕೆಲವೇ ತಿಂಗಳಲ್ಲಿ ನೆಲಕಚ್ಚಿತು. 1921ರ ನಡುವಿನ ಹೊತ್ತಿಗೆ ಬ್ರಿಟನ್ನಿನಲ್ಲಿ ಕೆಲಸ ಕಳೆದುಕೊಂಡವರು ಇಪ್ಪತ್ತು ಲಕ್ಷ ದಾಟಿದ್ದರು. ಕೀತ್ಲಿಯಂಥ ಊರಿಗೆ ಇದು ನೇರ ಪೆಟ್ಟು. ಗಿರಣಿ ಬಾಗಿಲು ಹಾಕಿದ ಬೀದಿಯಲ್ಲಿ ಫ್ರೆಂಚ್ ಊರಿಗೆಂದು ಡಬ್ಬಿ ಅಲ್ಲಾಡಿಸುವುದು ಸುಲಭದ ಕೆಲಸವಲ್ಲ. ಸತ್ತ ಮಕ್ಕಳ ಸ್ಮಾರಕಕ್ಕೂ ಅದೇ ಜನ ಚಂದಾ ಕೊಡಬೇಕಿತ್ತು. ಕೀತ್ಲಿಯ ಸ್ಮಾರಕ ಎದ್ದು ನಿಂತದ್ದು 1924ರ ಡಿಸೆಂಬರ್‌ನಲ್ಲಿ. 1923ರ ಜನವರಿಯಲ್ಲಿ ಫ್ರಾನ್ಸ್ ಜರ್ಮನಿಯ ರೂರ್ ಕಣಿವೆಗೆ ಸೇನೆ ನುಗ್ಗಿಸಿದಾಗ ಬ್ರಿಟಿಷರಲ್ಲಿ ಅನೇಕರ ಮನಸ್ಸು ಕಹಿಯಾಯಿತು.

ಆದರೆ ಹಣಕ್ಕಿಂತ ಆಳದ ಕಾರಣ ದತ್ತಿನ ಸ್ವರೂಪದಲ್ಲೇ ಇತ್ತು. ಕೊಡುವುದು ಮುಗಿದರೆ ನಂಟಿನ ಕೆಲಸವೂ ಮುಗಿಯಿತು. ಪಡೆದ ಊರು ಒಂದು ಬೀದಿಗೆ ಹೆಸರಿಟ್ಟು ಋಣ ತೀರಿಸುತ್ತದೆ, ಆಮೇಲೆ ಬರೆಯಲು ಕಾಗದವಿಲ್ಲ. ತಿರುಗಿ ಕೊಡುವ ದಾರಿ ಇಲ್ಲದ ನೆಂಟಸ್ತನ ಎರಡನೇ ತಲೆಮಾರಿಗೆ ದಾಟುವುದಿಲ್ಲ ಎಂಬುದನ್ನು ನಮ್ಮ ಬೀಗರ ಮನೆಗಳಲ್ಲೂ ನೋಡಬಹುದು.

ಇದರ ಮೇಲೆ ಆಡಳಿತದ ಒಂದು ಅಂಕುಡೊಂಕು. ಇಂಗ್ಲಿಷ್ ಪಟ್ಟಣದ ಮೇಯರ್‌ಗೆ ಆಗ ಅವಧಿ ಒಂದೇ ವರ್ಷ, ಪ್ರತಿ ನವೆಂಬರ್ 9ಕ್ಕೆ ಹೊಸಬ. ಫ್ರಾನ್ಸಿನ ಮೇರ್‌ಗೆ 1884ರ ಕಾಯ್ದೆಯಂತೆ ನಾಲ್ಕು ವರ್ಷ, 1929ರಿಂದ ಆರು. ಪ್ವಾದ ಮೇರ್ ಒಬ್ಬನೇ ಇರುವಾಗ ಕೀತ್ಲಿಯಲ್ಲಿ ನಾಲ್ಕು ಮುಖ ಬದಲಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಫ್ರೆಂಚ್ ಮೇರ್ ಅಂದರೆ ಊರಿನ ಆಡಳಿತದ ಯಜಮಾನ: ಬಜೆಟ್ಟು, ನೌಕರರು, ಮದುವೆ ನೋಂದಣಿ ಎಲ್ಲ ಅವನ ಕೈಯಲ್ಲಿ. ಇಂಗ್ಲಿಷ್ ಮೇಯರ್ ಕೊರಳಲ್ಲಿ ಚಿನ್ನದ ಸರಪಳಿ ಹಾಕಿ ಸಭೆ ನಡೆಸುವವನು. ಆತ ಕೊಟ್ಟ ಮಾತು ನಡೆಸಿಕೊಡಬೇಕಾದವರು ಬೇರೆಯವರು. ಫ್ರೆಂಚರಿಗೆ ಇದು ತಿಳಿಯದೆ, ‘ನಿಮ್ಮ ಮೇಯರ್ ಒಪ್ಪಿದ್ದರಲ್ಲ’ ಎಂದು ಕಾಯುತ್ತಾ ಕೂತ ಉದಾಹರಣೆ ಅವಳಿ ನಂಟುಗಳ ಉದ್ದಕ್ಕೂ ಸಿಗುತ್ತದೆ. ಮೇಯರ್‌ಗಳನ್ನು ನಂಬದೆ ಗುಮಾಸ್ತರನ್ನೂ ಶಾಲಾ ಮೇಷ್ಟರನ್ನೂ ವಾದ್ಯವೃಂದವನ್ನೂ ನಂಬಿದ ನಂಟುಗಳೇ ಬಾಳಿದ್ದು.

1940ರ ಮೇ ತಿಂಗಳಲ್ಲಿ ಪ್ವಾಕ್ಕೆ ಮತ್ತೆ ಆಕ್ರಮಣ. ಈ ಸಲ ನೋರ್ ಸೀಮೆಯನ್ನು ಜರ್ಮನರು ಬ್ರಸೆಲ್ಸ್‌ನ ಸೇನಾಡಳಿತಕ್ಕೆ ಸೇರಿಸಿದರು. 1944ರ ಸೆಪ್ಟೆಂಬರ್ ಆರಂಭದವರೆಗೆ ಬಾಗಿಲು ಮುಚ್ಚಿದ ಹಾಗೆ.

ಅಚ್ಚು ಬದಲಾಯಿತು

ಎರಡನೇ ಯುದ್ಧದ ನಂತರ ಹುಟ್ಟಿದ ನಂಟುಗಳ ಅಚ್ಚೇ ಬೇರೆ. 1947ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಫ್ರಾನ್ಸಿನ ಬೋರ್ಡೋ ಜೊತೆ, ಅದೇ ವರ್ಷ ಜರ್ಮನಿಯ ಹ್ಯಾನೋವರ್ ಜೊತೆಗೂ ಸಂಬಂಧ ಬೆಳೆಸಿತು. 1950ರಲ್ಲಿ ಫ್ರಾನ್ಸಿನ ಮೋಂಬೆಲ್ಯಾರ್ ಮತ್ತು ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಕೈಜೋಡಿಸಿದವು. 1951ರ ಜನವರಿಯಲ್ಲಿ ಜಿನೀವಾದಲ್ಲಿ ಯುರೋಪಿನ ಪುರಸಭೆಗಳ ಮಂಡಳಿ ಸ್ಥಾಪನೆಯಾಗಿ ಅವಳಿ ಒಪ್ಪಂದಕ್ಕೆ ಒಂದು ಪ್ರತಿಜ್ಞೆಯ ಮಾದರಿ ಕೊಟ್ಟಿತು. ಇಬ್ಬರು ಮೇಯರ್‌ಗಳು ಎರಡೂ ಭಾಷೆಯಲ್ಲಿ ಒಂದೇ ಮಾತು ಓದುತ್ತಾರೆ: ಸಂಬಂಧ ಶಾಶ್ವತವಾಗಿ ಉಳಿಸಿಕೊಳ್ಳುತ್ತೇವೆ, ಎಲ್ಲ ರಂಗದಲ್ಲೂ ಜನರ ಹೋಗುಬರುವಿಕೆಗೆ ನೆರವಾಗುತ್ತೇವೆ ಎಂದು. ಕೊಡುವವರು, ಪಡೆಯುವವರು ಎಂಬ ಮಾತೇ ಅದರಲ್ಲಿಲ್ಲ.

ಹೊಸ ಅಚ್ಚಿನ ಜೀವ ಒಂದು ಸಣ್ಣ ರೂಢಿಯಲ್ಲಿದೆ. ಹೋಗುವವರು ಬಸ್ಸಿನ ಖರ್ಚು ತಮ್ಮದೇ ಹಾಕಿಕೊಳ್ಳುತ್ತಾರೆ; ಊಟ, ವಸತಿ ಅತಿಥೇಯರ ಮನೆಯದು; ಮುಂದಿನ ವರ್ಷ ಸರದಿ ತಿರುಗುತ್ತದೆ. ಹೋಟೆಲು ಬೇಡ. ಸಮಾರಂಭವೂ ಎರಡು, ಒಂದೊಂದು ಊರಿನಲ್ಲಿ ಒಂದೊಂದು. ಎರಡು ಸಾವಿರ ಜನರ ಹಳ್ಳಿ ಹತ್ತಾರು ಸಾವಿರ ಜನರ ಪಟ್ಟಣದೆದುರು ಸಮಾನವಾಗಿ ನಿಲ್ಲಲು ಸಾಧ್ಯವಾಗುವುದು ಈ ಲೆಕ್ಕದಲ್ಲೇ, ಯಾಕೆಂದರೆ ಇಲ್ಲಿ ಎಣಿಸುವುದು ಹಾಸಿಗೆಗಳನ್ನು, ಪೌಂಡುಗಳನ್ನಲ್ಲ. ಆದರೂ ಮಿತಿಯಿದೆ. ಪ್ವಾದಷ್ಟು ಜನವಿರುವ ಫ್ರೆಂಚ್ ಊರಿನ ಸಭೆಯಲ್ಲಿ 19 ಸದಸ್ಯರು. ಒಂದೇ ಸಲ ಐವತ್ತು ಜನ ಬಂದಿಳಿದರೆ ಸಮಿತಿಯವರ ಮನೆಗಳೆಲ್ಲ ತುಂಬಿ, ನೆರೆಹೊರೆಯವರ ಬಾಗಿಲು ತಟ್ಟಬೇಕಾಗುತ್ತದೆ.

1986: ಸನ್ನದು ಬಂದಾಗ ಪುರಸಭೆ ಇರಲಿಲ್ಲ

ಈ ಪ್ರಕರಣದ ವಿಚಿತ್ರ ಘಟ್ಟ ಇದು. 1974ರ ಏಪ್ರಿಲ್ 1ರಂದು ಇಂಗ್ಲೆಂಡಿನ ಸ್ಥಳೀಯ ಆಡಳಿತವನ್ನು ಹೊಸದಾಗಿ ವಿಂಗಡಿಸಿದಾಗ 1882ರಿಂದ ಇದ್ದ ಕೀತ್ಲಿ ಪುರಸಭೆ ರದ್ದಾಯಿತು, ಊರು ಬ್ರಾಡ್‌ಫರ್ಡ್ ಮಹಾನಗರ ಜಿಲ್ಲೆಯ ಹೊಟ್ಟೆಗೆ ಹೋಯಿತು. ಬ್ರಾಡ್‌ಫರ್ಡ್‌ಗೆ ಆಗಲೇ 1969ರಿಂದ ಅದೇ ನೋರ್ ಸೀಮೆಯ ಉಣ್ಣೆ ನಗರ ರೂಬೆ ಅವಳಿಯಾಗಿತ್ತು. ದೊಡ್ಡ ಮನೆಗೆ ಸೊಸೆಯಾಗಿ ಹೋದ ಊರಿನ ತವರಿನ ನಂಟು ಇಂಥ ಕಡೆ ಸದ್ದಿಲ್ಲದೆ ಕಳೆದುಹೋಗುತ್ತದೆ. 1974ರಲ್ಲಿ ದೊಡ್ಡ ಜಿಲ್ಲೆಗಳಿಗೆ ಸೇರಿದ ಎಷ್ಟೋ ಪಟ್ಟಣಗಳಿಗೆ ಎದುರಾದ ಅಪಾಯ ಇದೇ: ಸಹಿ ಮಾಡಿದ ಸಂಸ್ಥೆಯೇ ಇಲ್ಲ, ಕಡತ ಬೇರೆ ಕಟ್ಟಡದಲ್ಲಿ.

ಆದರೆ ಪ್ವಾ–ಕೀತ್ಲಿಯ ಸನ್ನದು ವಿನಿಮಯವಾದದ್ದು ಇದೇ ಅವಧಿಯಲ್ಲಿ. ಕೀತ್ಲಿಗೆ ಸ್ವಂತ ಪಟ್ಟಣ ಸಭೆ ಮತ್ತೆ ಬಂದದ್ದು 2002ರಲ್ಲಿ. ಯುರೋಪಿಯನ್ ಸಮುದಾಯ ಅವಳಿ ಊರುಗಳಿಗೆ ಸಹಾಯಧನ ಶುರುಮಾಡಿದ್ದು 1989ರಲ್ಲಿ, ಅಂದರೆ ಇವರು ಅನುದಾನದ ಆಸೆಗೆ ಸನ್ನದು ಬರೆದರು ಎನ್ನುವಂತೆಯೂ ಇಲ್ಲ. ದತ್ತು ಎಂಬ ಹಳೆಯ ಲೆಕ್ಕವನ್ನು ಮುಚ್ಚಿ ಅವಳಿ ಎಂಬ ಹೊಸ ಪುಟ ತೆರೆದದ್ದು ಆ ವರ್ಷವೇ ಎನ್ನುವುದು ಹೆಚ್ಚು ಸರಿ. ಹಾಗೆ ನೋಡಿದರೆ ‘1920ರಿಂದ ಅವಳಿ’ ಎಂಬ ಮಾತಿನಲ್ಲಿ ಇಸವಿ ಸರಿ, ನಾಮಪದ ತಪ್ಪು.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ: ಫ್ರಾನ್ಸಿನಲ್ಲಿ ಪ್ವಾ ಎಂಬ ಊರು ಒಂದಲ್ಲ. ಸೊಮ್‌ನಲ್ಲಿ ಪ್ವಾ-ದ-ಪಿಕಾರ್ದಿ, ಆರ್ಡೆನ್‌ನಲ್ಲಿ ಪ್ವಾ-ತೆರೋಂ, ಮಾರ್ನ್‌ನಲ್ಲಿ ಬರಿಯ ಪ್ವಾ. ದಾಖಲೆ ಹುಡುಕುವಾಗ ಪೂರ್ತಿ ಹೆಸರು ಹಾಕದಿದ್ದರೆ ಬೇರೆ ಊರಿನ ಕಥೆ ಕೈಗೆ ಬರುತ್ತದೆ.

ಈಗ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಇಂಗ್ಲಿಷ್–ಫ್ರೆಂಚ್ ಅವಳಿಗಳಲ್ಲಿ ಒಡಕು ಸಾಮಾನ್ಯವಾಗಿ ಇಂಗ್ಲಿಷ್ ಕಡೆಯಿಂದ ಬರುತ್ತದೆ. ಬಿಷಪ್ಸ್ ಸ್ಟಾರ್ಟ್‌ಫರ್ಡ್ ಪಟ್ಟಣ 2011ರಲ್ಲಿ ವಿಲಿಯೆ-ಸ್ಯುರ್-ಮಾರ್ನ್ ಜೊತೆಗಿನ ದಶಕಗಳ ನಂಟನ್ನು ಕಡಿದುಕೊಂಡಿತು. ಜಗಳವೇನೂ ಬೇಕಾಗಿಲ್ಲ, ಸಮಿತಿಯಲ್ಲಿ ವಯಸ್ಸಾಗುತ್ತದೆ ಅಷ್ಟೇ. 2004ರಿಂದ ಇಂಗ್ಲೆಂಡಿನ ಶಾಲೆಗಳಲ್ಲಿ 14 ವರ್ಷದ ಮೇಲೆ ಪರಭಾಷೆ ಕಡ್ಡಾಯವಲ್ಲ. ಫ್ರೆಂಚ್ ಪರೀಕ್ಷೆಗೆ ಕೂರುವ ಮಕ್ಕಳು ಅರ್ಧಕ್ಕೂ ಕೆಳಗಿಳಿದರು. ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ದೊಡ್ಡವರ ಪೊಲೀಸ್ ದಾಖಲೆ ತಪಾಸಣೆ ಬಂದ ಮೇಲೆ, ಅಗತ್ಯವೇ ಆದರೂ, ‘ಬೇಡಪ್ಪ ಈ ಕಾಗದಪತ್ರ’ ಎಂದು ಹಿಂದೆ ಸರಿದ ಮನೆಗಳಿವೆ.

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಪ್ರಯಾಣದ ಲೆಕ್ಕವೂ ಬದಲಾಯಿತು. 2021ರ ಅಕ್ಟೋಬರ್ 1ರಿಂದ ಫ್ರೆಂಚರು ರಾಷ್ಟ್ರೀಯ ಗುರುತಿನ ಚೀಟಿ ತೋರಿಸಿ ಇಂಗ್ಲೆಂಡಿಗೆ ಬರುವಂತಿಲ್ಲ, ಪಾಸ್‌ಪೋರ್ಟ್ ಬೇಕು. ಹಳ್ಳಿಯ ಮಕ್ಕಳಲ್ಲಿ ಅದಿರುವುದು ಕಡಿಮೆ, ಹಾಗಾಗಿ ಶಾಲಾ ಗುಂಪುಗಳು ಐರ್ಲೆಂಡಿನ ಕಡೆ ತಿರುಗಿದವು. 2023ರ ಡಿಸೆಂಬರ್ 28ರಿಂದ ಇದಕ್ಕೆ ಒಂದು ಸಡಿಲಿಕೆ ಸಿಕ್ಕಿತು: ಫ್ರಾನ್ಸಿನ ಶಾಲೆಯಿಂದ ಹೊರಡುವ, 18 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ, ಐದು ಅಥವಾ ಹೆಚ್ಚು ವಿದ್ಯಾರ್ಥಿಗಳ ಗುಂಪು ನಿಗದಿತ ನಮೂನೆ ತುಂಬಿಕೊಂಡು ಗುರುತಿನ ಚೀಟಿಯ ಮೇಲೇ ಬರಬಹುದು. ಇಲ್ಲಿ ಅವಳಿ ಸಮಿತಿಗಳು ಎಡವುತ್ತವೆ. ನಮೂನೆ ಶಾಲೆಯದೇ ಆಗಿರಬೇಕು. ಅದೇ ಮಕ್ಕಳನ್ನು ಸಮಿತಿಯೋ ಫುಟ್‌ಬಾಲ್ ಕ್ಲಬ್ಬೋ ಕರೆತಂದರೆ ರಿಯಾಯಿತಿ ಅನ್ವಯಿಸದು: ಎಲ್ಲರಿಗೂ ಪಾಸ್‌ಪೋರ್ಟ್, ಜೊತೆಗೆ 2025ರ ಏಪ್ರಿಲ್‌ನಿಂದ ತಲಾ ಒಂದು ವಿದ್ಯುನ್ಮಾನ ಪ್ರವೇಶಾನುಮತಿ; ಆ ವರ್ಷ ಅದರ ಶುಲ್ಕ 16 ಪೌಂಡ್ ಇತ್ತು. ಆ ದರದಲ್ಲಿ ಐವತ್ತು ಜನರ ಬಸ್ಸಿಗೆ ಅದೊಂದೇ 800 ಪೌಂಡ್ ಆಗುತ್ತಿತ್ತು.